ಸಣ್ಣವಳಿಗೆ ಒಗ್ಗದ ಕತ್ತಿ

ನವೆಂಬರ್ 3, ಸೋಮವಾರ

ಯಾರದು? ಮುದುಕಿ ಬರೆದಿಟ್ಟದ್ದನ್ನು ಕದ್ದು ಓದುವುದಕ್ಕೆ ನಾಚಿಕೆಯಾಗುವುದಿಲ್ಲವೇ? ಒಲೆಯ ಮೇಲೆ ಹಾಲು ಉಕ್ಕಿತೋ ಏನೋ, ಮೊದಲು ಅದನ್ನು ನೋಡು ಹೋಗು. ತನ್ನ ತಟ್ಟೆಯಲ್ಲಿ ಹೆಗ್ಗಣ ಸತ್ತು ಬಿದ್ದಿದ್ದರೂ ಪಕ್ಕದವರ ತಟ್ಟೆಯ ನೊಣ ಹುಡುಕುವ ಬುದ್ಧಿ ನಿನ್ನದು. ಅಕ್ಷರ ಸೊಟ್ಟಗಿದೆ ಎಂದು ನಗಲೂ ಬೇಡ. ನನ್ನ ಬಲಗೈ ಒದ್ದೆ ಬಟ್ಟೆಯ ಹಾಗೆ ಜೋತು ಬಿದ್ದಿದೆ. ಇದು ಎಡಗೈ ಬರಹ. ಹಳ್ಳಿ ಶಾಲೆಯ ಮೂರನೇ ಕ್ಲಾಸಿಗೆ ನನ್ನ ಓದು ಮುಗಿಯಿತು. ಬಲಗೈಯಲ್ಲಿ ಬರೆದಾಗಲೂ ಇಷ್ಟೇ ಚೆನ್ನಾಗಿತ್ತು, ಹೋಗು.

ಬರೆಯಬೇಕು ಎಂದವಳು ಮಾತಿನ ಟೀಚರ್. ವಾರಕ್ಕೆರಡು ಸಲ ಅವಳ ಹತ್ತಿರ ಆಸ್ಪತ್ರೆಗೆ ಹೋಗುತ್ತೇನೆ. ಲಕ್ವ ಹೊಡೆದ ಮೇಲೆ ನನ್ನ ತಲೆಯಲ್ಲಿ ಮಾತೆಲ್ಲ ಇದ್ದ ಹಾಗೇ ಇದೆ, ನಾಲಿಗೆಗೆ ಮಾತ್ರ ದಾರಿ ಮರೆತಿದೆ. "ನೀರು" ಎನ್ನಲು ಹೋದರೆ "ಬಾ ಬಾ" ಎನ್ನುತ್ತದೆ. ಟೀಚರ್ ಎದುರಿಗೆ ಕೂತು "ಅಮ್ಮ" ಅನ್ನಿ, "ಅಪ್ಪ" ಅನ್ನಿ ಎನ್ನುತ್ತಾಳೆ. ಮೊಮ್ಮಗಳ ಮದುವೆ ಯೋಚಿಸುವ ವಯಸ್ಸಿನಲ್ಲಿ ನಾನು ಅಮ್ಮ ಅಪ್ಪ ಕಲಿಯುತ್ತಿದ್ದೇನೆ. ಅದೂ ಬರುತ್ತಿಲ್ಲ.

ಇಡೀ ಮಾರ್ಕೆಟ್ಟಿಗೆ ನನ್ನ ಬಾಯಿ ಗೊತ್ತು. ಕತ್ತಿ ಅಂಗಡಿಯ ಅಜ್ಜಿ ಎಂದರೆ ಕಳ್ಳನೂ ಚಪ್ಪಲಿ ಕೈಯಲ್ಲಿ ಹಿಡಿದು ದಾಟುತ್ತಿದ್ದ. ಈಗ ನೊಣ ಮುಖದ ಮೇಲೆ ಕೂತರೂ ಬೈಯಲಾರೆ. ಬೈಗುಳವೆಲ್ಲ ಒಳಗೇ ಕೊಳೆಯುತ್ತಿದೆ. ಅದಕ್ಕೆ ಇಲ್ಲಿ ಸುರಿಯುತ್ತೇನೆ.

ನವೆಂಬರ್ 5, ಬುಧವಾರ

ನಮ್ಮ ಮಳಿಗೆಯ ಎದುರಿನ ಪ್ಲಾಸ್ಟಿಕ್ ಬಕೆಟ್‌ನವನು ನೋಡಲು ಬಂದಿದ್ದ. ನನಗೆ ಕಿವಿಯೂ ಹೋಗಿದೆ ಎಂದು ಯಾರು ಹೇಳಿದರೋ, ಕಿವಿಯ ಹತ್ತಿರ ಬಾಯಿಟ್ಟು ಕೂಗಿದ:

"ಅಮ್ಮಾ, ಏನೂ ಚಿಂತೆ ಮಾಡ್ಬೇಡಿ. ವಿಶ್ರಾಂತಿ ತಗೊಳ್ಳಿ. ಮಳಿಗೆ ಕಥೆ ನಾನು ನೋಡ್ಕೋತೀನಿ."

ನೋಡಿಕೊಳ್ಳುತ್ತಾನಂತೆ. ಬೆಕ್ಕು ಹಾಲಿನ ಪಾತ್ರೆ ನೋಡಿಕೊಂಡ ಹಾಗೆ. ಮೂರು ತಿಂಗಳು ಬಾಗಿಲು ಹಾಕಿದ ಮಳಿಗೆಯನ್ನು ಮಾರ್ಕೆಟ್ ಕಮಿಟಿಯವರು ಕೇಳಿದವರಿಗೆ ಕೊಡಬಹುದು. ಈ ತಿಂಗಳು ಮುಗಿದರೆ ನಮ್ಮದಕ್ಕೆ ಮೂರು ತುಂಬುತ್ತದೆ. ಡಿಸೆಂಬರ್ ಒಂದರ ಬೆಳಿಗ್ಗೆ ನಮ್ಮ ಬಾಗಿಲು ತೆರೆಯಬೇಕು, ಸಾಣೆ ಚಕ್ರ ತಿರುಗಬೇಕು. ಇಲ್ಲದಿದ್ದರೆ ನನ್ನ ಅಪ್ಪ ಕೂತ ಜಾಗದಲ್ಲಿ ಬಕೆಟ್ಟು ಕೂರುತ್ತದೆ, ಕೆಂಪು ಹಸಿರು.

ಅವನಿಗೆ ಹೇಳಬೇಕಾದ ಮಾತು ಒಂದು ಡಜನ್ ಇತ್ತು, ಒಂದಕ್ಕಿಂತ ಒಂದು ಚೂಪು. ಬಾಯಿ ತೆರೆದೆ. "ಬಾ ಬಾ" ಎಂದೆ.

"ಬರ್ತೀನಮ್ಮಾ, ಖಂಡಿತ ಬರ್ತೀನಿ" ಎಂದು ಕೈಮುಗಿದು ಹೋದ.

ಸೊಸೆ ಅವನು ಕುಡಿದ ಲೋಟ ತೊಳೆಯುತ್ತಾ ಬೆನ್ನು ತಿರುಗಿಸಿ ನಿಂತಿದ್ದಳು. ಭುಜ ಅಲುಗುತ್ತಿತ್ತು. ನಗುತ್ತಿದ್ದಳೋ ಅಳುತ್ತಿದ್ದಳೋ ಗೊತ್ತಾಗಲಿಲ್ಲ. ಎರಡೂ ನನಗೆ ಬೇಕಾಗಿಲ್ಲ.

ನವೆಂಬರ್ 8, ಶನಿವಾರ

ಇವತ್ತು ಮೊಳೆಯನ್ನು ಹಿತ್ತಲ ಹಳೆಯ ಸಾಣೆ ಚಕ್ರಕ್ಕೆ ಕೂರಿಸಿದೆ. ಮೊಳೆ ಎಂದರೆ ಮೊಮ್ಮಗಳು. ಮೈ ಸಣಕಲು, ತಲೆ ದಪ್ಪ, ಎಲ್ಲಿ ಹೊಡೆದರೆ ಅಲ್ಲಿ ನಿಲ್ಲುವವಳಲ್ಲ, ಆದರೂ ಹೆಸರು ಹಾಗೇ ನಿಂತಿತು. ಕಾಲೇಜಿಗೆ ಹೋಗುತ್ತಾಳೆ. ಮಗ ತೀರಿಕೊಂಡ ಮೇಲೆ ಈ ಮನೆಯ ರಕ್ತ ಎಂದು ಉಳಿದಿರುವುದು ನಾನು, ಅವಳು.

ಸಾಣೆಯ ವಿಷಯದಲ್ಲಿ ನಮ್ಮ ಮನೆಯ ಕಟ್ಟಳೆ ಅಪ್ಪನ ಕಾಲದಿಂದ ಒಂದೇ. ಈ ಮನೆಯಲ್ಲಿ ಹುಟ್ಟಿದವರು ಮಾತ್ರ ಅಲಗನ್ನು ಕಲ್ಲಿಗೆ ಕೊಡಬೇಕು. ನನ್ನ ಗಂಡ ಮನೆಯಳಿಯ. ಸಾಯುವತನಕ ಚಕ್ರದ ಪಟ್ಟಿ ಬಿಗಿದ, ನೀರು ತಂದ, ಅಲಗು ಮುಟ್ಟಲಿಲ್ಲ. ಬೇಸರವೇನೂ ಪಟ್ಟುಕೊಳ್ಳಲಿಲ್ಲ. ಪಟ್ಟುಕೊಂಡಿದ್ದರೂ ನಾನು ಕೇಳಲಿಲ್ಲ. ಸೊಸೆ ದರ್ಜಿಯ ಮಗಳು, ಸೂಜಿ ದಾರದ ಮನೆ. ಬಂದ ಹೊಸತರಲ್ಲಿ ಕಲ್ಲಿನ ಮುಂದೆ ಕೂತಿದ್ದಳು. "ಏಳು, ನಿನ್ನ ಕೈಗೆ ಇದು ಒಗ್ಗಲ್ಲ" ಎಂದೆ. ಎದ್ದಳು. ಅಂಗಡಿ ಗುಡಿಸುತ್ತಾಳೆ, ಹಿಡಿಗಳಿಗೆ ಎಣ್ಣೆ ಒರೆಸುತ್ತಾಳೆ, ಉಳಿದ ಹೊತ್ತು ಮನೆಯಲ್ಲಿ ಹೊಲಿಯುತ್ತಾಳೆ.

ಮೊಳೆ ಕೂತಳು. ಫೋನು ಹಿಡಿಯುವ ಹಾಗೆ ಕತ್ತಿ ಹಿಡಿದಳು. ನಾನು ಎಡಗೈಯಲ್ಲಿ ಸನ್ನೆ ಮಾಡಿದ್ದೇ ಮಾಡಿದ್ದು. ಕಿರ್ ಎಂದಿತು, ಕಿಡಿ ಹಾರಿತು, ಒಳ್ಳೆಯ ಕತ್ತಿಯ ಬಾಯಿ ಇಲಿ ಕಡಿದ ರೊಟ್ಟಿಯಾಯಿತು.

"ಅಜ್ಜಿ, ನನ್ನಿಂದ ಆಗಲ್ಲ" ಎಂದಳು.

ಆಗುತ್ತದೆ. ರಕ್ತದಲ್ಲಿದೆ, ಸ್ವಲ್ಪ ತಡ ಅಷ್ಟೇ. ಕೈ ಸ್ವಲ್ಪ ತಾಯಿಯ ಕಡೆ ಹೋಗಿದೆ ಎಂದು ಕಾಣುತ್ತದೆ.

ನವೆಂಬರ್ 9, ಭಾನುವಾರ

ಟೀಚರ್ ಮೊಳೆಗೆ ಹೇಳಿದ್ದಳಂತೆ, "ಅಜ್ಜಿಗೆ ಮಾತಾಡಲೇಬೇಕಾದ ಒಂದು ಆಟ ಆಡಿಸು" ಎಂದು. ಮಧ್ಯಾಹ್ನ ಊಟದ ಮೇಜಿನ ಮೇಲೆ ಒಂದು ದಪ್ಪ ಪುಸ್ತಕ, ಪೆನ್ಸಿಲ್ಲು, ಇಪ್ಪತ್ತು ಮುಖದ ದಾಳ ಹರಡಿದಳು. ದಾಳ ನೋಡಿದರೆ ಕಲ್ಲುಸಕ್ಕರೆಯ ಹರಳಿನ ಹಾಗಿದೆ. ಸೊಸೆಯನ್ನೂ ಹೊಲಿಗೆಯಿಂದ ಎಳೆದು ತಂದು ಕೂರಿಸಿದಳು.

ಆಟ ಎಂದರೆ ಕಥೆ. ಮೊಳೆ ಕಥೆ ನಡೆಸುತ್ತಾಳೆ, ನಾವು ಅದರೊಳಗಿನ ಜನ. ಏನು ಮಾಡುತ್ತೇವೆ ಎಂದು ಬಾಯಿಬಿಟ್ಟು ಹೇಳಬೇಕು, ಆಮೇಲೆ ದಾಳ ಉರುಳಿಸಬೇಕು. ಹೆಚ್ಚು ಬಿದ್ದರೆ ನಡೆಯಿತು, ಕಮ್ಮಿ ಬಿದ್ದರೆ ಕೆಟ್ಟಿತು.

"ಕೈಸನ್ನೆ ನಡೆಯಲ್ಲ ಅಜ್ಜಿ. ಪೂರ್ತಿ ಬರದಿದ್ರೂ ಪರವಾಗಿಲ್ಲ, ಸದ್ದು ಬರ್ಬೇಕು."

ಆ ಕಥೆಯಲ್ಲಿ ಬೇರೆ ಬೇರೆ ಕುಲದ ಜನ. ಬೆಟ್ಟದೊಳಗಿನ ಕುಳ್ಳರು, ಕೋರೆಹಲ್ಲಿನವರು, ಬಿಲದಲ್ಲಿರುವ ಸಣ್ಣವರು, ಕಾಡಿನ ಎತ್ತರದವರು. ನನಗೆ ಕಾಡಿನ ಎತ್ತರದವಳನ್ನು ಕೊಟ್ಟಳು.

"ಐನೂರು ವರ್ಷ ಬದುಕ್ತಾರೆ ಅಜ್ಜಿ, ಬೇರೆಯವರನ್ನೆಲ್ಲ ಮೂಗಿನ ತುದಿಯಿಂದ ನೋಡ್ತಾರೆ. ನಿನಗೆ ಸರಿಹೋಗುತ್ತೆ."

ಸೊಸೆ ತುಟಿ ಕಚ್ಚಿಕೊಂಡಳು. ಅವಳಿಗೆ ಬಿಲದ ಸಣ್ಣವಳು.

ಆಯುಧದ ಪುಟ ತೆಗೆದಾಗ ನನಗೆ ಜೀವ ಬಂತು. ಕೊಡಲಿಯ ಚಿತ್ರ ಚೆನ್ನಾಗಿತ್ತು, ಮರದ ಕಾವು ಮಾತ್ರ ಹತ್ತೇಟಿಗೆ ಮುರಿಯುವಂಥದ್ದು. ಅದರ ಮೇಲೆ ಬೆರಳಿಟ್ಟೆ. ಮೊಳೆ ತಲೆಯಾಡಿಸಿದಳು.

"ಕೊಡಲಿ ಬೆಟ್ಟದ ಕುಳ್ಳರದ್ದು ಅಜ್ಜಿ, ಅವರಿಗೆ ಹುಟ್ಟಿನಿಂದಲೇ ಬರುತ್ತೆ. ನಿಮ್ಮ ಕುಲಕ್ಕೆ ಬಿಲ್ಲು, ಉದ್ದ ಕತ್ತಿ. ಸಣ್ಣವರಿಗೆ ಕವಣೆ, ದೊಣ್ಣೆ. ನಿಯಮ ಇರೋದೇ ಹಾಗೆ."

ಹುಟ್ಟಿನಿಂದ ಬರುತ್ತದಂತೆ. ಯಾವ ಮಗು ಕೊಡಲಿ ಹಿಡಿದುಕೊಂಡು ಹುಟ್ಟಿದೆ? ತಾಯಿಯ ಗತಿಯೇನು? ಕೈ ನೋಡಿ ಆಯುಧ ಕೊಡಬೇಕೇ ಹೊರತು ಕುಲ ನೋಡಿ ಅಲ್ಲ. ಅಂಗಡಿಗೆ ಬಂದವರಿಗೆ ನಾನು ಮೊದಲು ಹೇಳುವುದೇ "ಕೈ ಚಾಚು" ಎಂದು. ಇಷ್ಟನ್ನೂ ಹೇಳಬೇಕು ಎಂದು ಹೊರಟೆ. ಮೇಜು ಗುದ್ದಿದೆ.

"ಏಏ" ಎಂದಿತು ಬಾಯಿ. "ಬಾ ಬಾ" ಅಲ್ಲ. ಬೇರೆ ಸದ್ದು.

ಮೊಳೆ ಎದ್ದು ಬಂದು ತಬ್ಬಿಕೊಂಡಳು. ನಾನು ತಳ್ಳಿದೆ. ಕೊಡಲಿ ಕೊಡದವಳ ಅಪ್ಪುಗೆ ಯಾರಿಗೆ ಬೇಕು.

ನವೆಂಬರ್ 12, ಬುಧವಾರ

ಅಡುಗೆಮನೆಯ ಚಾಕು ಇವತ್ತು ಟೊಮೆಟೊವನ್ನು ಕಾಗದದಷ್ಟು ತೆಳ್ಳಗೆ ಕೊಯ್ಯಿತು. ನಾನು ಬಿದ್ದಾಗಿನಿಂದ ಅದು ಮೊಂಡಾಗಿತ್ತು, ಹಣ್ಣನ್ನು ಜಜ್ಜುತ್ತಿತ್ತು. ಉಗುರಿನ ಮೇಲೆ ಇಟ್ಟು ನೋಡಿದೆ. ಜಾರಲಿಲ್ಲ, ಮೊಂಡಾದರೆ ಜಾರುತ್ತದೆ. ಕೂದಲಿನಷ್ಟು ಸಮ.

ಮೊಳೆ ಕದ್ದು ಅಭ್ಯಾಸ ಮಾಡುತ್ತಿದ್ದಾಳೆ. ಹೇಳಿದೆನಲ್ಲ, ರಕ್ತ. ಗೊತ್ತಿಲ್ಲದವಳ ಹಾಗೆ ಇರುತ್ತೇನೆ, ಕಣ್ಣು ಬೀಳಬಾರದು.

ನವೆಂಬರ್ 16, ಭಾನುವಾರ

ಮತ್ತೆ ಆಟ. ನಾನಾಗಿ ಕೇಳಲಿಲ್ಲ. ಊಟದ ತಟ್ಟೆ ಬೇಗ ಎತ್ತಿಸಿದೆ, ಮೇಜು ಒರೆಸಿದೆ, ಅಷ್ಟೇ.

ಎತ್ತರದವಳು, ಸಣ್ಣವಳು ಜೊತೆಯಾಗಿ ಕಣಿವೆ ದಾಟಬೇಕು. ದಾರಿಯಲ್ಲಿ ಕೋರೆಹಲ್ಲಿನ ಕಾವಲುಗಾರ. ನಾನು ಬಾಣ ಬಿಟ್ಟೆ. ಬಾಣ ಬಿಡುವುದಕ್ಕೆ "ಬಿ" ಎನ್ನಬೇಕು ಎಂದು ಮೊಳೆ ಪಟ್ಟು ಹಿಡಿದಳು. "ಬ" ಬಂತು, ಸಾಕು ಎಂದಳು. ದಾಳ ಎರಡು ಬಿತ್ತು. ಬಾಣ ಮರಕ್ಕೆ ಹೋಯಿತು.

ಆಗ ಸೊಸೆ ಮಾಡಿದ್ದು ನೋಡಬೇಕಿತ್ತು. ಈ ಮನೆಗೆ ಬಂದಾಗಿನಿಂದ ಗಟ್ಟಿಯಾಗಿ ಸೀನಿದವಳೂ ಅಲ್ಲ. ಎದ್ದು ನಿಂತು ಸೊಂಟಕ್ಕೆ ಕೈಯಿಟ್ಟು, ಕಾವಲುಗಾರನಿಗೆ ಅನ್ನುತ್ತಾಳೆ:

"ಏನೋ ನಿನ್ನ ದೌಲತ್ತು? ಹಲ್ಲು ಹೊರಗಿದ್ದ ಮಾತ್ರಕ್ಕೆ ಹೆದರ್ಕೋಬೇಕಾ? ಸರಿ ಆಚೆ. ನಮ್ಮತ್ತೆ ನಡೆಯೋ ದಾರಿ ಇದು."

ಅಕ್ಷರಕ್ಕಕ್ಷರ ನನ್ನ ದನಿ. ಬಾಡಿಗೆ ಜಾಗ ಒತ್ತಿದವರಿಗೆ ನಾನು ಬೈಯುವ ರಾಗ ಅದೇ. ಇಷ್ಟು ವರ್ಷ ಗುಡಿಸುತ್ತಾ ಅದನ್ನೂ ಗುಡಿಸಿ ಇಟ್ಟುಕೊಂಡಿದ್ದಾಳೆ. ದಾಳ ಹತ್ತೊಂಬತ್ತು ಬಿತ್ತು, ಕಾವಲುಗಾರ ಓಡಿದ. ಮೂವರೂ ನಕ್ಕೆವು. ನನ್ನ ನಗು ಒಂದೇ ಕಡೆ ಬರುತ್ತದೆ, ಸೊಸೆ ನನ್ನ ಬಾಯಿಯ ಆ ಕಡೆ ಒರೆಸಿದಳು.

ಅವನು ಬಿಟ್ಟು ಹೋದ ಕತ್ತಿಯನ್ನು ಸಣ್ಣವಳು ಎತ್ತಿಕೊಳ್ಳಬಹುದೇ ಎಂದು ಸೊಸೆ ಕೇಳಿದಳು. ಮೊಳೆ ಪುಸ್ತಕ ನೋಡಿದಳು.

"ಎತ್ಕೋಬಹುದು ಅಮ್ಮ. ಆದ್ರೆ ಬೀಸುವಾಗ ದಾಳ ಎರಡು ಸಲ ಹಾಕ್ಬೇಕು. ಕಮ್ಮಿ ಬಿದ್ದದ್ದೇ ಲೆಕ್ಕ. ನಿನ್ನ ಕುಲಕ್ಕೆ ಒಗ್ಗಲ್ಲ ಅಂತ."

"ಹಾಗಾದ್ರೆ ಬಿಡು, ಇದ್ದ ಕಡೆ ಇರಲಿ" ಎಂದು ಸೊಸೆ ಕೂತಳು. ತಿರುಗಿ ಅವಳ ದನಿ ಅವಳಿಗೇ ಬಂತು.

ನವೆಂಬರ್ 18, ಮಂಗಳವಾರ

ಟೀಚರ್ ಮುಖ ನೋಡಿಯೇ ತಿಳಿಯಿತು. ಮೊದಲ ಮೂರು ತಿಂಗಳಲ್ಲಿ ಎಷ್ಟು ಬರುತ್ತದೋ ಅದೇ ಹೆಚ್ಚಿನದು, ಆಮೇಲೆ ನಿಧಾನ ಎಂದು ಸೊಸೆಗೆ ಬಾಗಿಲಲ್ಲಿ ಹೇಳುತ್ತಿದ್ದಳು. ನನಗೆ ಕೇಳಿಸಲಿಲ್ಲ ಎಂದುಕೊಂಡರು. ನಾಲಿಗೆ ಸತ್ತವಳ ಕಿವಿ ಎಷ್ಟು ಚುರುಕು ಎಂದು ಯಾರಿಗೂ ಗೊತ್ತಿಲ್ಲ.

ನನಗೆ ಒಂದೇ ಒಂದು ಮಾತು ಬಂದರೆ ಸಾಕಿತ್ತು. "ತಗೋ." ನಮ್ಮ ಅಂಗಡಿಯಲ್ಲಿ ಅಲಗನ್ನು ಕೈಯಿಂದ ಕೈಗೆ ಕೊಡುವುದಿಲ್ಲ. ಕಪ್ಪು ಹಲಗೆಯ ಮೇಲೆ ಇಡಬೇಕು, ಹಿಡಿ ಕೊಳ್ಳುವವನ ಕಡೆಗೆ, ಮೊನೆ ನಮ್ಮ ಕಡೆಗೆ. ಇಟ್ಟು "ತಗೋ" ಎನ್ನಬೇಕು. ಹಾಗೆಂದ ಮೇಲೆ ಅದು ಅವನದು. ಅವನು ಎತ್ತುವತನಕ ನಾವು ಮುಟ್ಟುವ ಹಾಗಿಲ್ಲ. ಅಪ್ಪ ಹಾಕಿಕೊಟ್ಟ ಪದ್ಧತಿ. ಅದರಿಂದಲೇ ನಮ್ಮ ಅಂಗಡಿಯಲ್ಲಿ ಕೊಳ್ಳಲು ಬಂದ ಯಾರ ಕೈಯೂ ಕುಯ್ದಿಲ್ಲ.

ಆ ಮಾತಿಲ್ಲದೆ ನಾನು ಅಂಗಡಿಯಲ್ಲಿ ಕೂತು ಮಾಡುವುದೇನು? ಸಾಣೆ ಹಿಡಿಯಲು ಕೈಯಿಲ್ಲ, ಮಾರಲು ಬಾಯಿಲ್ಲ. ಹಿಡಿ ಕಳಚಿದ ಕತ್ತಿ. ಅದನ್ನು ನಾವೇ ಗುಜರಿಗೆ ಹಾಕುತ್ತಿದ್ದೆವು.

ಹಲಗೆ ಮನೆಯಲ್ಲೇ ಇದೆ, ಗೋಡೆಗೆ ಒರಗಿ. ಮುಖ ಆ ಕಡೆ ತಿರುಗಿಸಿ ಇಡಿಸಿದೆ.

ನವೆಂಬರ್ 20, ಗುರುವಾರ

ಬರೆಯಲು ಏನಿಲ್ಲ. ಉಂಡೆ. ಸಾಕು.

ನವೆಂಬರ್ 23, ಭಾನುವಾರ

ನಾನು ಸತ್ತೆ.

ಆಟದಲ್ಲಿ. ಅವಸರದಲ್ಲಿ ಗೀಚುತ್ತಿದ್ದೇನೆ, ಬರೆದದ್ದು ಓದಲಾದರೆ ಓದು.

ಕಣಿವೆಯ ಮೇಲೆ ಹಗ್ಗದ ಸೇತುವೆ. ನಡುವೆ ಬರುವಾಗ ಎಮ್ಮೆಯಷ್ಟು ದೊಡ್ಡ ಜೇಡ ನನ್ನನ್ನು ಬಲೆಯಲ್ಲಿ ಸುತ್ತಿತು. ಕಾಲು ಸುತ್ತಿತು, ಬಲಗೈ ಸುತ್ತಿತು. ಮೊಳೆ ಬೇಕೆಂದೇ ಬಲಗೈ ಎಂದಳೋ, ಬಾಯಿಗೆ ಬಂತೋ. ಸಣ್ಣವಳ ಕವಣೆಯಿಂದ ಬಲೆ ಹರಿಯುವುದಿಲ್ಲ, ದೊಣ್ಣೆಯಿಂದಲೂ ಇಲ್ಲ. ಹರಿಯುವುದು ನನ್ನ ಸೊಂಟದ ಉದ್ದ ಕತ್ತಿಯಿಂದ ಮಾತ್ರ. ಅದಕ್ಕೆ ನನ್ನ ಎಡಗೈ ತಾಗುತ್ತದೆ, ಆದರೆ ಬೀಸಲು ಆಗುವುದಿಲ್ಲ.

"ಸೇತುವೆ ಹಲಗೆ ಮೇಲೆ ಜಾರಿಸಿ ಅಮ್ಮಂಗೆ ಕೊಡಬಹುದು ಅಜ್ಜಿ. ಆದ್ರೆ ಕೊಡ್ತಾ ಇದೀನಿ ಅಂತ ನೀನು ಹೇಳ್ಬೇಕು."

ಮೇಜಿನ ಮೇಲೆ ಪೆನ್ಸಿಲ್ ಇತ್ತು. ಅದನ್ನು ಎಡಗೈಯಲ್ಲಿ ತೆಗೆದು ಸೊಸೆಯ ಮುಂದೆ ಇಟ್ಟೆ, ಮೊನೆ ನನ್ನ ಕಡೆಗೆ. ಬಾಯಿ ತೆರೆದೆ. ಏನೂ ಬರಲಿಲ್ಲ. ಮೊಳೆ ಕಾದಳು. ಸೊಸೆ ನನ್ನ ಬಾಯಿಯನ್ನೇ ನೋಡುತ್ತಿದ್ದಳು, ಮಗುವಿಗೆ ತುತ್ತು ಕೊಡುವಾಗ ನಮ್ಮ ಬಾಯಿಯೂ ತೆರೆಯುತ್ತದಲ್ಲ, ಹಾಗೆ ಅವಳ ಬಾಯಿಯೂ ತೆರೆದಿತ್ತು.

"ತ" ಎಂದೆ. ಉಸಿರು ಕಟ್ಟಿತು. ಮತ್ತೆ ಎಳೆದುಕೊಂಡು "ಗೋ" ಎಂದೆ.

ಬಂತು. ನಡುವೆ ಒಂದು ಹಳ್ಳ ಇತ್ತು, ಆದರೆ ಈ ದಡ ಆ ದಡ ಎರಡೂ ಇದ್ದವು.

ಸೊಸೆ ಪೆನ್ಸಿಲ್ ಎತ್ತಿಕೊಂಡಳು. ಹನ್ನೆರಡಕ್ಕಿಂತ ಹೆಚ್ಚು ಬಿದ್ದರೆ ಬಲೆ ಹರಿಯುತ್ತದೆ. ದಾಳ ಉರುಳಿಸಿದಳು. ಹದಿನೆಂಟು.

"ಇನ್ನೊಂದ್ಸಲ ಹಾಕ್ಬೇಕಮ್ಮ" ಎಂದಳು ಮೊಳೆ, ಬಹಳ ಮೆಲ್ಲಗೆ. "ಸಣ್ಣವರಿಗೆ ಉದ್ದ ಕತ್ತಿ..."

"ಗೊತ್ತು. ನನ್ನ ಕುಲಕ್ಕೆ ಒಗ್ಗಲ್ಲ" ಎಂದು ಸೊಸೆ ಮತ್ತೆ ಉರುಳಿಸಿದಳು. ನಾಲ್ಕು.

ಕಮ್ಮಿ ಬಿದ್ದದ್ದೇ ಲೆಕ್ಕ. ಬಲೆ ಹರಿಯುವ ಬದಲು ಸೇತುವೆಯ ಹಗ್ಗ ಹರಿಯಿತು. ಐನೂರು ವರ್ಷ ಬದುಕಬೇಕಾದವಳು ಕಣಿವೆಗೆ ಹೋದೆ.

ಹದಿನೆಂಟು ಬಿದ್ದಿತ್ತು. ನನ್ನ ಕಣ್ಣಾರೆ ನೋಡಿದೆ. ಅವಳ ಕೈ ಚೆನ್ನಾಗಿಯೇ ಬೀಸಿತ್ತು. ಬೀಸಿದ ಕೈಯನ್ನು ಬಿಟ್ಟು ಹುಟ್ಟಿದ ಬಿಲವನ್ನು ಲೆಕ್ಕ ಹಾಕಿತು ಆ ದರಿದ್ರ ಪುಸ್ತಕ. ನಾನು ಪುಸ್ತಕವನ್ನು ಎಡಗೈಯಲ್ಲಿ ನೂಕಿದೆ, ನೆಲಕ್ಕೆ ಬಿತ್ತು.

ಮೊಳೆ ಎತ್ತಿ ಧೂಳು ಹೊಡೆದಳು. "ನಿಯಮ ನಾನು ಬರೆದದ್ದಲ್ಲ ಅಜ್ಜಿ. ಆದ್ರೆ ಮೇಜಿನ ಸುತ್ತ ಕೂತವರು ಎಲ್ಲರೂ ಒಪ್ಪಿದ್ರೆ ತೆಗೆದು ಹಾಕಬಹುದು. ಹಿಂದಿನದಕ್ಕೂ ಅನ್ವಯಿಸ್ತೀನಿ, ನೀನು ಬದುಕ್ತೀಯ. ಒಪ್ಪೋರು ಕೈಯೆತ್ತಿ."

ನಾನು ಎಡಗೈ ಎತ್ತಿದೆ, ಸೂರು ಮುಟ್ಟುವ ಹಾಗೆ. ಮೊಳೆ ಎತ್ತಿದಳು. ಸೊಸೆ ದಾಳ, ಪೆನ್ಸಿಲ್ಲು ಡಬ್ಬಿಗೆ ತುಂಬುತ್ತಿದ್ದಳು.

"ಅಮ್ಮ?"

"ನಾನು ಒಪ್ಪಲ್ಲ."

"ಯಾಕಮ್ಮ, ಅಜ್ಜಿ ಸತ್ತುಹೋಗ್ತಾಳೆ!"

"ಇಲ್ಲಿ ತೆಗೆದು ಅಲ್ಲಿ ಇಟ್ಕೊಂಡ್ರೆ ಏನು ಬಂತು?" ಎಂದಳು. ಮೊಳೆಗಲ್ಲ, ಡಬ್ಬಿಗೆ ಹೇಳಿದ ಹಾಗೆ. ಮುಚ್ಚಳ ಹಾಕಿದಳು, ಹೊಲಿಗೆಗೆ ಹೋದಳು.

ಅಲ್ಲಿ ಎಂದರೆ ಎಲ್ಲಿ? ಆಟಕ್ಕೂ ಅಂಗಡಿಗೂ ಏನು ಸಂಬಂಧ? ಕುಂಬಳಕಾಯಿ ಕಳ್ಳ ಎಂದರೆ ನಾನೇಕೆ ಹೆಗಲು ಮುಟ್ಟಿ ನೋಡಿಕೊಳ್ಳಲಿ.

ನವೆಂಬರ್ 24, ಸೋಮವಾರ

ಟೀಚರ್ ಮುಂದೆ "ತಗೋ" ಬರಲಿಲ್ಲ. ಇಡೀ ಹೊತ್ತು ಪ್ರಯತ್ನಿಸಿದೆ. "ಬಾ ಬಾ." ಆಸ್ಪತ್ರೆಯಿಂದ ಬರುವಾಗ ದಾರಿಯಲ್ಲಿ ಅತ್ತುಬಿಟ್ಟೆ. ಸೊಸೆ ಕೊಡೆಯನ್ನು ನನ್ನ ಕಡೆ ವಾಲಿಸಿದಳು, ಬಿಸಿಲಿರಲಿಲ್ಲ, ಮಳೆಯೂ ಇರಲಿಲ್ಲ. ಬೀದಿಯವರಿಗೆ ನನ್ನ ಮುಖ ಕಾಣದಿರಲಿ ಎಂದು ಇರಬೇಕು.

ಎರಡೂ ಕಡೆ ಸತ್ತಿದ್ದೇನೆ. ಅಲ್ಲಿ ಕಣಿವೆಯಲ್ಲಿ, ಇಲ್ಲಿ ಮಂಚದ ಮೇಲೆ.

ನವೆಂಬರ್ 25, ಮಂಗಳವಾರ

ಮೊಳೆ ಕಾಲೇಜಿಗೆ ಹೋಗಿದ್ದಳು. ಹಿತ್ತಲ ಕಡೆಯಿಂದ ಸದ್ದು. ಸರ್, ಸರ್, ಸರ್. ಆ ಸದ್ದು ನನಗೆ ನನ್ನ ಉಸಿರಿಗಿಂತ ಗೊತ್ತು. ಗೋಡೆ ಹಿಡಿದು ಹೋಗಿ ಕಿಟಕಿಯಿಂದ ನೋಡಿದೆ.

ಸೊಸೆ ಮೆಟ್ಟಿಲ ಮೇಲೆ ಕೂತಿದ್ದಳು. ಮುಂದೆ ಚಿಕ್ಕ ಕೈಸಾಣೆ ಕಲ್ಲು, ನೀರಿನ ಬಟ್ಟಲು. ಕೈಯಲ್ಲಿ ಮೊಳೆ ಹಾಳು ಮಾಡಿದ ಕತ್ತಿ. ಇಲಿ ಕಡಿದ ಬಾಯಿ ಅರ್ಧ ನೇರವಾಗಿತ್ತು. ಅವಸರವಿಲ್ಲ. ಎಳೆದಾಗ ಭುಜ ಅಲುಗುವುದಿಲ್ಲ, ಮಣಿಕಟ್ಟು ಮಾತ್ರ. ಹತ್ತು ಸಲ ಎಳೆದು ಒಂದು ಸಲ ಬೆಳಕಿಗೆ ಹಿಡಿದು ನೋಡುತ್ತಾಳೆ, ಹೊಲಿಗೆ ನೇರ ಬಂತೇ ಎಂದು ನೋಡುವ ಹಾಗೆ.

ಹಾಗಾದರೆ ಟೊಮೆಟೊ ಚಾಕು ಮೊಳೆಯದಲ್ಲ.

ನೋಡಿದೆ, ತಿರುಗಿ ಬಂದೆ. ಹೇಳಲು ನಾಲಿಗೆ ಇಲ್ಲ, ಒಳ್ಳೆಯದೇ ಆಯಿತು. ಎಡಕ್ಕೆ ಸ್ವಲ್ಪ ಜಾಸ್ತಿ ಒತ್ತುತ್ತಾಳೆ. ಅಪ್ಪನೂ ಎಡಕ್ಕೇ ಒತ್ತುತ್ತಿದ್ದ, ಅದು ಬೇರೆ ಮಾತು.

ನವೆಂಬರ್ 27, ಗುರುವಾರ

ಸೊಸೆ ತರಕಾರಿಗೆ ಹೋಗಿ ಬಂದು ಹೇಳಿದಳು. ಬಕೆಟ್‌ನವನು ನಮ್ಮ ಮಳಿಗೆಯ ಬಾಗಿಲ ಮುಂದೆ ಟೇಪು ಹಿಡಿದು ಅಳೆಯುತ್ತಿದ್ದನಂತೆ. ಇವಳನ್ನು ನೋಡಿ ಟೇಪು ಜೇಬಿಗೆ ಹಾಕಿಕೊಂಡನಂತೆ.

"ನೀನೇನಂದೆ?" ಎಂದು ಕಣ್ಣಲ್ಲೇ ಕೇಳಿದೆ. ಅವಳಿಗೆ ನನ್ನ ಕಣ್ಣು ಅರ್ಥವಾಗುತ್ತದೆ. ಯಾವಾಗಿನಿಂದ ಎಂದು ಗೊತ್ತಿಲ್ಲ.

"ಏನನ್ನಲಿ ಅತ್ತೆ? ಬಾಗಿಲು ತೆಗೆಯೋರು ಯಾರು ಅಂತ ಅವನು ಕೇಳಿಬಿಟ್ರೆ ಯಾರ ಹೆಸರು ಹೇಳಲಿ? ನಾನು ಗುಡಿಸೋಳು."

ಹೋಗಿ ತರಕಾರಿ ತೊಳೆದಳು. ನಾನು ಗೋಡೆ ನೋಡುತ್ತಾ ಕೂತೆ. ಹಲಗೆಯೂ ಗೋಡೆ ನೋಡುತ್ತಾ ನಿಂತಿತ್ತು. ಬಕೆಟ್ಟಿನ ಬಣ್ಣಗಳು ಕಣ್ಣ ಮುಂದೆ ಬಂದವು. ಇನ್ನು ನಾಲ್ಕು ದಿನ. ಆ ಮೇಲೆ ಅಪ್ಪನ ಹೆಸರು ಹೇಳುವವರಿಲ್ಲ, ನನ್ನ ಹೆಸರು ಕೇಳಿ ಹೆದರುವವರೂ ಇಲ್ಲ.

ನವೆಂಬರ್ 28, ಶುಕ್ರವಾರ

ಬೆಳಿಗ್ಗೆ ಹಲಗೆಯನ್ನು ಎಡಗೈಯಲ್ಲಿ ಎಳೆದುಕೊಂಡು ಬಂದು ನಡುಮನೆಯಲ್ಲಿ ಮಲಗಿಸಿದೆ. ನನ್ನ ಪೆಟ್ಟಿಗೆಯಿಂದ ಅಪ್ಪನ ಕತ್ತಿ ತೆಗೆದೆ. ಅದನ್ನು ಮಾರುವುದಿಲ್ಲ. ಬೇರೆ ಕತ್ತಿಗಳ ಹರಿತ ಅದಕ್ಕೆ ಹೋಲಿಸಿ ನೋಡುವುದು. ಹಲಗೆಯ ಮೇಲೆ ಇಟ್ಟೆ. ಮೊದಲು ಹಿಡಿ ನನ್ನ ಕಡೆಗಿತ್ತು. ಒಂದು ಕೈಯಲ್ಲಿ ತಿರುಗಿಸುವುದು ಕಷ್ಟ. ತಿರುಗಿಸಿದೆ.

ಕಾಲಿನಿಂದ ನೆಲ ಬಡಿದೆ. ಸೊಸೆ ಹೊಲಿಗೆ ಬಿಟ್ಟು ಬಂದಳು, ಕೊರಳಲ್ಲಿ ಅಳತೆ ಪಟ್ಟಿ, ತುಟಿಯಲ್ಲಿ ಸೂಜಿ. ಮೊಳೆ ಹಲ್ಲುಜ್ಜುತ್ತಾ ಬಂದು ಬಾಗಿಲಲ್ಲೇ ನಿಂತಳು.

ನಾನು ಸೊಸೆಯ ಕೈ ನೋಡಿದೆ. ಹೆಬ್ಬೆರಳ ಪಕ್ಕ ಹೊಸ ಗಾಯ, ಬಟ್ಟೆ ಸುತ್ತಿದೆ. ಆ ಜಾಗದಲ್ಲೇ ನನಗೂ ಇದೆ, ಹಳೆಯದು. ಕಲಿಯುವಾಗ ಎಲ್ಲರಿಗೂ ಅಲ್ಲೇ ಆಗುತ್ತದೆ.

"ತಗೋ" ಎಂದೆ.

ಹಳ್ಳ ಇರಲಿಲ್ಲ. ಇಡಿಯಾಗಿ ಬಂತು. ನನಗೇ ಯಾರೋ ಬೇರೆಯವರು ಹೇಳಿದ ಹಾಗಾಯಿತು, ಆದರೆ ದನಿ ನನ್ನದೇ, ಮಾರ್ಕೆಟ್ಟಿನದು.

ಮೊಳೆಯ ಬಾಯಿಯಿಂದ ನೊರೆ ಸುರಿಯಿತು. ಸೊಸೆ ತುಟಿಯ ಸೂಜಿ ತೆಗೆದು ಎದೆಯ ಬಟ್ಟೆಗೆ ಚುಚ್ಚಿಕೊಂಡಳು. ಕತ್ತಿ ನೋಡಿದಳು, ನನ್ನನ್ನು ನೋಡಿದಳು. ಎತ್ತಿಕೊಳ್ಳಲಿಲ್ಲ.

"ಏಳು ಅಂದಿದ್ರಿ ಅತ್ತೆ, ಒಂದೇ ಮಾತಲ್ಲಿ" ಎಂದಳು. "ನಾನು ಒಂದೇ ಮಾತಲ್ಲಿ ಎದ್ದೆ. ಈಗಲೂ ಒಂದೇ ಮಾತಲ್ಲಿ ಕೂತ್ಕೊಳ್ಳಲಾ? ನನಗೂ ಸ್ವಲ್ಪ ಹೊತ್ತು ಬೇಕು."

ಹೊಲಿಗೆಗೆ ಹೋದಳು.

ನನಗೆ ಕೋಪ ಬರಬೇಕಿತ್ತು. ಉಂಡು ಮಲಗಿದೆ.

ನವೆಂಬರ್ 29, ಶನಿವಾರ

ಕತ್ತಿ ಹಲಗೆಯ ಮೇಲೇ ಇದೆ. "ತಗೋ" ಎಂದ ಮೇಲೆ ನಾನು ಮುಟ್ಟುವ ಹಾಗಿಲ್ಲ. ಮೊಳೆಗೂ ಮುಟ್ಟಬೇಡ ಎಂದು ಸನ್ನೆ ಮಾಡಿದ್ದೇನೆ. ಎಲ್ಲರೂ ಸುತ್ತು ಹಾಕಿ ನಡೆಯುತ್ತಿದ್ದೇವೆ. ಕಸ ಗುಡಿಸುವಾಗ ಸೊಸೆ ಹಲಗೆಯ ಸುತ್ತ ಗುಡಿಸಿದಳು, ಕತ್ತಿಯ ಮೇಲಿನ ಧೂಳನ್ನು ಬಾಗಿ ಉಫ್ ಎಂದು ಊದಿದಳು.

ಇವತ್ತು ಬರೆಯಲು ಈ ನೋಟುಪುಸ್ತಕ ತೆಗೆದಾಗ ಇಪ್ಪತ್ತೈದನೇ ತಾರೀಕಿನ ಪುಟದಲ್ಲಿ ನೀಲಿ ದಾರದ ಒಂದು ಎಳೆ ಸಿಕ್ಕಿತು. ಈ ಮನೆಯಲ್ಲಿ ನೀಲಿ ದಾರ ಯಾರ ಬೆರಳಿಗೆ ಅಂಟಿರುತ್ತದೆ ಎಂದು ಮೂರನೇ ಕ್ಲಾಸಿನವಳಿಗೂ ತಿಳಿಯುತ್ತದೆ. ಮೊದಲ ದಿನ ಬೈದದ್ದು ಸರಿಯಾದ ವಿಳಾಸಕ್ಕೇ ಹೋಗಿದೆ.

ಸರಿ, ಓದುವವಳೇ, ಓದು. ಸರಿಯಾಗಿ ಓದು.

ಎಡಕ್ಕೆ ಒತ್ತುವುದು ಕಮ್ಮಿ ಮಾಡು. ಇಲ್ಲ, ಮಾಡಬೇಡ, ಇರಲಿ. ಚಕ್ರದ ಪಟ್ಟಿ ಸಡಿಲ ಇದೆ, ಕೂರುವ ಮುಂಚೆ ಬಿಗಿ. ನೀರನ್ನು ಮೊಳೆ ತರಲಿ, ಅವಳ ಕೈಗೆ ಸದ್ಯಕ್ಕೆ ಅಷ್ಟೇ ಒಗ್ಗುವುದು, ಮುಂದೆ ನೋಡೋಣ. ನಾನು ಪಕ್ಕದಲ್ಲಿ ಕೂತು "ತಗೋ" ಎನ್ನುತ್ತೇನೆ. ಇನ್ನೊಂದು ಮಾತು ಬರುವತನಕ ಅದೊಂದೇ ಸಾಕು. ಬಕೆಟ್‌ನವನಿಗೆ ಹೇಳಬೇಕಾದ್ದನ್ನು ನೀನೇ ಹೇಳು, ಕೋರೆಹಲ್ಲಿನವನಿಗೆ ಹೇಳಿದ ರಾಗದಲ್ಲಿ.

ಬೇಡ ಎಂದರೆ ಬೇಡ ಎನ್ನು. ಸಿಟ್ಟಾಗುವುದಿಲ್ಲ ಎಂದು ಸುಳ್ಳು ಹೇಳಲಾರೆ. ಆದರೆ ಕತ್ತಿಯನ್ನು ಹಿಂದೆ ತೆಗೆದುಕೊಳ್ಳುವುದಿಲ್ಲ. ಅದು ಅಲ್ಲೇ ಇರುತ್ತದೆ, ತುಕ್ಕು ಹಿಡಿದರೂ ನಿನ್ನದೇ.

ಮೇಜಿನ ಮೇಲಿನ ನಿಯಮಕ್ಕೂ ನಿನ್ನ ಕೈ ಬೇಕು. ಮೂವರೂ ಎತ್ತಬೇಕಂತೆ. ನಾನು ಇನ್ನೂ ಕಣಿವೆಯಲ್ಲೇ ಬಿದ್ದಿದ್ದೇನೆ, ತಳದಲ್ಲಿ ಚಳಿ.

ಎರಡಕ್ಕೂ ಉತ್ತರ ಬೇಕು. ಈ ಗೆರೆಯ ಕೆಳಗೆ ಜಾಗ ಬಿಟ್ಟಿದ್ದೇನೆ. ಹಿಡಿ ನಿನ್ನ ಕಡೆಗಿದೆ. ಮುಂದಿನ ತಿಂಗಳು ಹುಟ್ಟುವ ಮುಂಚೆ ಬರಿ.